ಆಡಿಯೋ ಕಂಪನಿಗೆ ಹಾಡು ಬರೆದುಕೊಡಬೇಕಾ, ನಾವೇ ಬಿಡಬೇಕಾ? ಒಳಗಿನವರು ಹೇಳಿ

ಕೆರಗೋಡು_ಪದಗಾರ:
ಮಂಡ್ಯ, ಮೈಸೂರು ಕಡೆ ಸಂಗೀತದ ಕೆಲಸದಲ್ಲಿ ಇರುವವರು ಇಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಹಾಡು ಬರೆದು ರಾಗ ಹಾಕುತ್ತೇನೆ. ಗೆಳೆಯ ಹಾಡುತ್ತಾನೆ. ಒಂದು ಹಾಡನ್ನು ಮೈಸೂರಿನ ಕುವೆಂಪುನಗರದ ಒಂದು ಹೋಮ್ ಸ್ಟುಡಿಯೋದಲ್ಲಿ ಮುಗಿಸಿದ್ದೇವೆ. ಟ್ರ್ಯಾಕ್, ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲಕ್ಕೂ ನಮ್ಮದೇ ದುಡ್ಡು. ಬೆಂಗಳೂರಿನ ಒಂದು ಆಡಿಯೋ ಕಂಪನಿಯವರು ಕೇಳಿ ಇಷ್ಟಪಟ್ಟು ಅಗ್ರಿಮೆಂಟ್ ಕಳಿಸಿದ್ದಾರೆ. ಒಂದೇ ಸಲ 20 ಸಾವಿರ ಕೊಡುತ್ತಾರಂತೆ. ಬದಲಿಗೆ ಸಾಹಿತ್ಯ, ಸಂಗೀತ, ರೆಕಾರ್ಡಿಂಗ್, ವಿಡಿಯೋ ಎಲ್ಲದರ ಹಕ್ಕೂ ಶಾಶ್ವತವಾಗಿ ಅವರದು. ಇಡೀ ಪ್ರಪಂಚಕ್ಕೆ. ಮುಂದೆ ಯಾವತ್ತೂ ರಾಯಲ್ಟಿ ಕೇಳುವುದಿಲ್ಲ ಅಂತಲೂ ನಾನು ಬರೆದುಕೊಡಬೇಕು.

ಇನ್ನೊಂದು ವಿಷಯ. ಪಲ್ಲವಿಗೆ ಮುಂಚೆ ಬರುವ ಎರಡು ಸಾಲು ನನ್ನದಲ್ಲ. ಮಾದಪ್ಪನ ಪದ. ನಮ್ಮ ಕಡೆ ಕಂಸಾಳೆಯವರು ಹಾಡುವುದು. ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಿದ್ದೇವೆ. ಅಗ್ರಿಮೆಂಟಿನಲ್ಲಿ ಅವರ ಹೆಸರೇ ಇಲ್ಲ.

ಸೈನ್ ಹಾಕಬೇಕಾ? ಬೇಡವಾ? ಒಂದು ವಾರದಲ್ಲಿ ಹೇಳಿ ಅಂದಿದ್ದಾರೆ.

ಸರಸ್ವತಿಪುರಂ_ಸೌಂಡ್:
ಈಗಲೇ ಹಾಕಬೇಡ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಮದ್ದೂರು_ಕೀಬೋರ್ಡ್:
ನಾನು ಹಾಕು ಅನ್ನುತ್ತೇನೆ. ಎಲ್ಲರೂ "ಸ್ವತಂತ್ರವಾಗಿ ಬಿಡು" ಅಂತ ಸುಲಭವಾಗಿ ಹೇಳುತ್ತಾರೆ. ಬಿಟ್ಟ ಮೇಲೆ ಕೇಳುವವರು ಯಾರು? ದೊಡ್ಡ ಲೇಬಲ್, ಅಂದರೆ ಆಡಿಯೋ ಕಂಪನಿಯ ಚಾನೆಲ್‌ಗೆ ಲಕ್ಷಾಂತರ ಸಬ್‌ಸ್ಕ್ರೈಬರ್ ಇರುತ್ತಾರೆ. ಬೆಳಿಗ್ಗೆ ಹಾಕಿದರೆ ಸಂಜೆಗೆ ಒಂದಷ್ಟು ಸಾವಿರ ಜನ ಕೇಳಿಯೇ ಕೇಳುತ್ತಾರೆ. ನಮ್ಮ ಚಾನೆಲ್‌ನಲ್ಲಿ ಹಾಕಿದರೆ ನೆಂಟರು, ಕಾಲೇಜು ಗೆಳೆಯರು, ಅಷ್ಟೇ. ಹಾಡು ಜನಕ್ಕೆ ಮುಟ್ಟಿದರೆ ಆರ್ಕೆಸ್ಟ್ರಾದಲ್ಲಿ, ಜಾತ್ರೆಯಲ್ಲಿ ಕರೆಯುತ್ತಾರೆ. ದುಡ್ಡು ಅಲ್ಲಿ ಬರುತ್ತದೆ. ಹುಡುಗನಿಗೆ ಈಗ ಬೇಕಾಗಿರುವುದು ಹೆಸರು.

ಸರಸ್ವತಿಪುರಂ_ಸೌಂಡ್:
@ಮದ್ದೂರು_ಕೀಬೋರ್ಡ್ ಹೆಸರು ಬರುತ್ತದೆ ಅಂತ ಯಾರು ಹೇಳಿದರು ಗುರು? ಎಷ್ಟು ವಿಡಿಯೋದಲ್ಲಿ ಕಂಪನಿ ಹೆಸರು ದಪ್ಪಗೆ, ಬರೆದವನ ಹೆಸರು ಡಿಸ್ಕ್ರಿಪ್ಷನ್‌ನ ಹತ್ತನೇ ಸಾಲಿನಲ್ಲಿ ಇರುತ್ತದೆ ನೋಡಿದ್ದೀಯಾ? ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಇನ್ನೂ ಕಷ್ಟ. ಬರೆದವರ ಜಾಗ ಖಾಲಿ, ಇಲ್ಲದಿದ್ದರೆ ತಪ್ಪು ಹೆಸರು. ನನ್ನ ಸ್ಟುಡಿಯೋದಿಂದ ಹೋದ ಹಾಡುಗಳಲ್ಲೇ ಇದು ಆಗಿದೆ. ಸರಿಮಾಡಿ ಅಂತ ಮೇಲ್ ಮಾಡಿದರೆ ಉತ್ತರವೇ ಬರುವುದಿಲ್ಲ.

ಒಂಟಿಕೊಪ್ಪಲ್_ಹಳಬ:
ನಾನು ಒಂದು ಆಡಿಯೋ ಕಂಪನಿಯಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು. ಹೆಸರು ಬೇಡ. ಕ್ಯಾಸೆಟ್ ಕಾಲ, ಸಿಡಿ ಕಾಲ, ಕಾಲರ್ ಟ್ಯೂನ್ ಕಾಲ ಎಲ್ಲ ನೋಡಿದ್ದೇನೆ. ಒಳಗೆ ಹೇಗೆ ಯೋಚನೆ ಮಾಡುತ್ತಾರೆ ಅಂತ ಹೇಳುತ್ತೇನೆ.

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಸಾಹಿತ್ಯ ಮತ್ತು ರಾಗ ಸೇರಿದ ಹಾಡು ಒಂದು. ಅದನ್ನು ರೆಕಾರ್ಡ್ ಮಾಡಿದ ಮಾಸ್ಟರ್ ಇನ್ನೊಂದು. ಮಾಸ್ಟರ್ ಯಾರದು? ರೆಕಾರ್ಡಿಂಗ್ ಮಾಡಿಸುವ ಜವಾಬ್ದಾರಿ ಹೊತ್ತವರದು. ಕಾನೂನಿನಲ್ಲಿ ಅವರನ್ನೇ ಪ್ರೊಡ್ಯೂಸರ್ ಅನ್ನುವುದು. ಸಿನಿಮಾದಲ್ಲಿ ಅದು ನಿರ್ಮಾಪಕ. ಅವರು ಆಡಿಯೋ ರೈಟ್ಸ್ ಅಂತ ಕಂಪನಿಗೆ ಮಾರುತ್ತಾರೆ. ನಿಮ್ಮ ವಿಷಯದಲ್ಲಿ ಖರ್ಚು ನಿಮ್ಮದು, ಮಾಡಿಸಿದವರು ನೀವು. ಅಂದರೆ ಎರಡೂ ಆಸ್ತಿ ಈಗ ನಿಮ್ಮ ಕೈಯಲ್ಲಿದೆ. 20 ಸಾವಿರಕ್ಕೆ ಅವರು ಎರಡನ್ನೂ ಕೇಳುತ್ತಿದ್ದಾರೆ.

ಯಾಕೆ ಎಲ್ಲವನ್ನೂ ಕೇಳುತ್ತಾರೆ? ಯಾವ ಹಾಡು ಓಡುತ್ತದೆ ಅಂತ ಅವರಿಗೂ ಗೊತ್ತಿಲ್ಲ. ಹಾಕಿದ ಹಾಡುಗಳಲ್ಲಿ ಜಾಸ್ತಿ ಪಾಲು ದುಡ್ಡು ವಾಪಸ್ ತರುವುದಿಲ್ಲ. ಒಂದೋ ಎರಡೋ ಹಾಡು ಹತ್ತಿಪ್ಪತ್ತು ವರ್ಷ ದುಡಿಯುತ್ತದೆ. ಆ ಒಂದು ಹಾಡು ಕೈ ತಪ್ಪಬಾರದು ಅಂತ ಎಲ್ಲರ ಹತ್ತಿರವೂ ಶಾಶ್ವತ ಹಕ್ಕು ಬರೆಸಿಕೊಳ್ಳುತ್ತಾರೆ. ಕಾಲರ್ ಟ್ಯೂನ್ ಬಂದಾಗ ಇದನ್ನು ಕಣ್ಣಾರೆ ನೋಡಿದೆ. ಕ್ಯಾಸೆಟ್ ಕಾಲದಲ್ಲಿ ಪುಡಿಗಾಸಿಗೆ ಬರೆಸಿಕೊಂಡ ಹಳೇ ಭಕ್ತಿಗೀತೆಗಳಿಗೆ ಜನ ತಿಂಗಳು ತಿಂಗಳು ಮೂವತ್ತು ರೂಪಾಯಿ ಆಸುಪಾಸು ಕಟ್ಟಿದರು. ಹಾಡಿದವರಿಗೆ, ಬರೆದವರಿಗೆ ಅದರಲ್ಲಿ ಏನೂ ಸಿಗಲಿಲ್ಲ. ಕ್ಯಾಸೆಟ್ ಮಾರುವಾಗ ಫೋನಿನಲ್ಲಿ ಹಾಡು ಮಾರುವ ಕಾಲ ಬರುತ್ತದೆ ಅಂತ ಯಾರು ಕಂಡಿದ್ದರು?

ಕಂಪನಿಯವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಸಂಗೀತದ ಹುಚ್ಚು ಇದ್ದವರು ಬಹಳ. ಆದರೆ ಅಗ್ರಿಮೆಂಟ್ ಅಂತ ಬಂದಾಗ ಅವರು ಅವರ ಕಡೆಯದನ್ನು ನೋಡುತ್ತಾರೆ. ನೀವು ನಿಮ್ಮ ಕಡೆಯದನ್ನು ನೋಡಬೇಕು.

ಮಂಡ್ಯದವರಿಗೆ ಅರ್ಥ ಆಗುವ ಹಾಗೆ ಹೇಳುತ್ತೇನೆ. ಜಮೀನು ಕ್ರಯಕ್ಕೆ ಕೊಡಬೇಡಿ. ಗುತ್ತಿಗೆಗೆ ಕೊಡಿ. ಮೂರು ವರ್ಷ, ಐದು ವರ್ಷ ಅಂತ ಲೈಸೆನ್ಸ್ ಕೊಡಿ, ಅವಧಿ ಮುಗಿದ ಮೇಲೆ ಹಾಡು ನಿಮಗೆ ವಾಪಸ್. ಮೊದಲು ಅದನ್ನು ಕೇಳಿ.

ವಕೀಲರ_ಮನೆ_ಮಂಡ್ಯ:
ಹಳಬರು ಹೇಳಿದ್ದು ಸರಿ. ಕಾನೂನಿನ ಕಡೆಯಿಂದ ನಾನು ಸೇರಿಸುತ್ತೇನೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. 2012ರಲ್ಲಿ ದೊಡ್ಡ ತಿದ್ದುಪಡಿ ಬಂತು. ಸಾಹಿತಿಗಳು, ಸಂಗೀತಗಾರರು ತುಂಬಾ ಹೋರಾಡಿ ತಂದಿದ್ದು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಮಾತಾಡಿದ್ದು ಹಲವರಿಗೆ ನೆನಪಿರಬಹುದು.

ಆ ತಿದ್ದುಪಡಿ ಪ್ರಕಾರ, ಬರೆದವರು ಮತ್ತು ರಾಗ ಹಾಕಿದವರು ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲು ಅವರಿಗೆ ಸೇರಬೇಕು. ಸಿನಿಮಾ ಹಾಡಾದರೆ ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ತೋರಿಸುವುದನ್ನು ಬಿಟ್ಟು ಬೇರೆ ಎಲ್ಲ ಬಳಕೆಗೂ. ಸಿನಿಮಾದಲ್ಲಿ ಇಲ್ಲದ ಹಾಡಿಗೂ ಇದು ಇದೆ. 18 ಮತ್ತು 19ನೇ ಸೆಕ್ಷನ್ ನೋಡಿ. ಈ ರಾಯಲ್ಟಿ ಹಕ್ಕನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆಯವರಿಗೆ ಬಿಟ್ಟುಕೊಡುವ ಹಾಗೇ ಇಲ್ಲ. ಬಿಟ್ಟುಕೊಡುತ್ತೇನೆ ಅಂತ ಬರೆದರೂ ಆ ಮಾತು ನಿಲ್ಲುವುದಿಲ್ಲ.

ಇನ್ನೂ ಕೆಲವು ಇವೆ. ಅಗ್ರಿಮೆಂಟಿನಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತಗೊಂಡು ಒಂದು ವರ್ಷ ಸುಮ್ನೆ ಇಟ್ಟುಕೊಂಡರೆ ಆ ವರ್ಗಾವಣೆ ಬಿದ್ದುಹೋಗುತ್ತದೆ, ಬೇರೆ ರೀತಿ ಬರೆದಿಲ್ಲದಿದ್ದರೆ. ಇದೆಲ್ಲ ತಿಳಿದವರೇ ಅಗ್ರಿಮೆಂಟ್ ಬರೆದಿರುತ್ತಾರೆ. ಅದಕ್ಕೇ "ಶಾಶ್ವತ", "ಇಡೀ ಪ್ರಪಂಚ", "ಬಿಡುಗಡೆ ಮಾಡಲೇಬೇಕು ಅಂತಿಲ್ಲ" ಅನ್ನುವ ಮೂರೂ ಇರುತ್ತವೆ. ನಿಮ್ಮ ಪ್ರತಿಯಲ್ಲಿ ಮೂರನೆಯದು ಇದೆಯಾ ಹುಡುಕಿ.

ಕೆರಗೋಡು_ಪದಗಾರ:
ಅಕ್ಕ, ಇದೆ! ಬಿಡುಗಡೆ ಯಾವಾಗ ಅನ್ನುವುದು ಕಂಪನಿಯ ಇಷ್ಟ ಅಂತ ಬರೆದಿದ್ದಾರೆ. ಅಂದರೆ ತಗೊಂಡು ಬಿಡದೇ ಇರಬಹುದಾ?

ವಕೀಲರ_ಮನೆ_ಮಂಡ್ಯ:
ಹೌದು ಕಣಪ್ಪ. ಆ ಸಾಲು ತೆಗೆಸು. ಸೈನ್ ಆದ ದಿನದಿಂದ ಇಷ್ಟು ತಿಂಗಳೊಳಗೆ ಬಿಡುಗಡೆ ಮಾಡಬೇಕು, ಇಲ್ಲದಿದ್ದರೆ ಹಕ್ಕು ವಾಪಸ್ ಅಂತ ಹಾಕಿಸು.

ಮದ್ದೂರು_ಕೀಬೋರ್ಡ್:
ಕಾನೂನು ಪುಸ್ತಕದಲ್ಲಿ ಎಲ್ಲ ಚೆನ್ನಾಗಿರುತ್ತದೆ ಮೇಡಂ. ಮಂಡ್ಯದ ಹುಡುಗ ಬೆಂಗಳೂರಿನ ಕಂಪನಿ ಮೇಲೆ ಕೇಸ್ ಹಾಕುತ್ತಾನಾ? ಸಮಪಾಲು ಅಂತ ಇದ್ದರೂ ತಂದುಕೊಡುವವರು ಯಾರು?

ವಕೀಲರ_ಮನೆ_ಮಂಡ್ಯ:
ಒಳ್ಳೆ ಪ್ರಶ್ನೆ. ಅದಕ್ಕೇ ಸೊಸೈಟಿ ಇರುವುದು. ಸಾಹಿತಿಗಳಿಗೆ, ಸಂಗೀತ ಸಂಯೋಜಕರಿಗೆ ಐಪಿಆರ್‌ಎಸ್ ಇದೆ. 1969ರಲ್ಲಿ ಶುರುವಾಗಿದ್ದು. ತಿದ್ದುಪಡಿ ಆದ ಮೇಲೆ 2017ರಲ್ಲಿ ಮತ್ತೆ ನೋಂದಣಿ ಆಯಿತು. ಸದಸ್ಯನಾಗಿ ನಿನ್ನ ಹಾಡುಗಳ ಪಟ್ಟಿ ಕೊಟ್ಟರೆ ಟಿವಿ, ರೇಡಿಯೋ, ಆ್ಯಪ್‌ಗಳು, ಕಾರ್ಯಕ್ರಮಗಳಿಂದ ಅವರು ವಸೂಲಿ ಮಾಡಿ ಪಾಲು ಹಾಕುತ್ತಾರೆ. ಒಬ್ಬೊಬ್ಬರೇ ಕಂಪನಿ ಬಾಗಿಲಿಗೆ ಹೋಗಬೇಕಾಗಿಲ್ಲ. ಗಾಯಕರಿಗೆ ಬೇರೆ ಸೊಸೈಟಿ, ಇಸಾಮ್ರಾ. ಗಾಯಕರ ರಾಯಲ್ಟಿ ಹಕ್ಕೂ ಅದೇ 2012ರ ತಿದ್ದುಪಡಿಯಲ್ಲೇ ಬಂದದ್ದು.

ಗಾಂಧಿನಗರ_ಪೆನ್ನು:
ನಾನು ಕೆಲವು ಸಿನಿಮಾಗಳಿಗೆ ಹಾಡು ಬರೆದಿದ್ದೇನೆ. ಊರು ನಂಜನಗೂಡು, ಈಗ ಮೈಸೂರಿನಲ್ಲಿದ್ದೇನೆ. ಐಪಿಆರ್‌ಎಸ್‌ನಿಂದ ನನಗೆ ದುಡ್ಡು ಬಂದಿದೆ. ಬದುಕು ನಡೆಸುವಷ್ಟು ಅಲ್ಲ. ಆದರೆ ಬರೆದು ಮರೆತುಬಿಟ್ಟಿದ್ದ ಹಾಡಿಗೆ ಬ್ಯಾಂಕಿಗೆ ಹಣ ಬಂದಾಗ ಆ ಹಾಡು ಇನ್ನೂ ನನ್ನದೇ ಅನ್ನಿಸಿತು. ಆ ಖುಷಿ ದೊಡ್ಡದು.

ಒಂದೇ ಮಾತು ಹೇಳುತ್ತೇನೆ. ಸದಸ್ಯ ಆದರೆ ಸಾಲದು. ಪ್ರತಿ ಹಾಡನ್ನೂ ನೋಂದಾಯಿಸಬೇಕು. ಯಾರಿಗೆ ಎಷ್ಟು ಪಾಲು ಅಂತ ಬರೆಯಬೇಕು. ನಮ್ಮಲ್ಲಿ ಬಹಳ ಜನ ಸದಸ್ಯರಾಗಿ ಸುಮ್ಮನಾಗುತ್ತಾರೆ.

ಮಳವಳ್ಳಿ_ಮೇಷ್ಟ್ರು:
ನೀವೆಲ್ಲ ಹುಡುಗನ ಪಾಲಿನ ಬಗ್ಗೆ ಮಾತಾಡುತ್ತಿದ್ದೀರಿ. ಒಳ್ಳೆಯದು. ಆ ಎರಡು ಸಾಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅದೇ ಮುಖ್ಯ.

ಮಾದಪ್ಪನ ಕಾವ್ಯ, ಮಂಟೇಸ್ವಾಮಿ ಕಾವ್ಯ ತಲೆಮಾರಿನಿಂದ ಬಾಯಿಂದ ಬಾಯಿಗೆ ಬಂದದ್ದು. ಕಂಸಾಳೆಯವರು, ನೀಲಗಾರರು ರಾತ್ರಿಯಿಡೀ ಹಾಡಿ ಉಳಿಸಿಕೊಂಡು ಬಂದರು. ಅದರ ಮೇಲೆ ಯಾರದೂ ಕಾಪಿರೈಟ್ ಇಲ್ಲ ಅನ್ನುತ್ತಾರೆ. ನಿಜ. ಆದರೆ ಕ್ಯಾಸೆಟ್ ಕಾಲದಿಂದ ಏನಾಯಿತು? ಹಾಡುಗಾರರನ್ನು ಕರೆದು, ಬಸ್ ಚಾರ್ಜು, ಊಟ, ಕೈಗೆ ಸ್ವಲ್ಪ ಕಾಸು ಕೊಟ್ಟು ಗಂಟೆಗಟ್ಟಲೆ ರೆಕಾರ್ಡ್ ಮಾಡಿಕೊಂಡರು. ಕ್ಯಾಸೆಟ್ ಮೇಲೆ "ಸಾಹಿತ್ಯ, ಸಂಗೀತ" ಅಂತ ಬೇರೆ ಯಾರದೋ ಹೆಸರು. ಈಗ ಅದೇ ರೆಕಾರ್ಡಿಂಗ್‌ಗಳು ಯೂಟ್ಯೂಬ್‌ನಲ್ಲಿವೆ.

ನಮ್ಮ ತಾಲ್ಲೂಕಿನ ಒಂದು ಜಾತ್ರೆಯಲ್ಲಿ ನಮ್ಮೂರ ತಂಡ ಹಾಡಿದ್ದನ್ನು ನಮ್ಮ ಹುಡುಗರು ಮೊಬೈಲ್‌ನಲ್ಲಿ ಹಿಡಿದು ಹಾಕಿದರು. ಒಂದು ಕಂಪನಿಯಿಂದ ಕ್ಲೇಮ್ ಬಂತು! ಹಾಡಿದವರು ನಮ್ಮವರು, ಪದ ನಮ್ಮ ಹಿರಿಯರದ್ದು, ಜಾಹೀರಾತಿನ ಹಣ ಅವರಿಗೆ. ಆ ಹಾಡುಗಾರರು ಈ ವಯಸ್ಸಿನಲ್ಲೂ ಕೂಲಿಗೆ ಹೋಗುತ್ತಾರೆ. ಹೇಗೆ ಸಹಿಸುವುದು ಹೇಳಿ.

ನಾಗಮಂಗಲದ ಕಡೆಯ ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಪದ ಸಂಗ್ರಹಿಸಿದರು, ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಅವರು ಪದದ ಜೊತೆ ಕಲಾವಿದರ ಹೆಸರನ್ನೂ ಉಳಿಸಿದರು. ಅಷ್ಟು ಮರ್ಯಾದೆ ಮಾರುಕಟ್ಟೆಯಲ್ಲಿ ಯಾಕೆ ಇಲ್ಲ?

ಹುಡುಗ, ನೀನು ಆ ಹಿರಿಯರನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದೀಯ. ಅವರ ಹೆಸರಿಲ್ಲದ ಕಾಗದಕ್ಕೆ ಸೈನ್ ಹಾಕಬೇಡ.

ಹೆಬ್ಬಾಳ್_ಟೆಕ್ಕಿ:
@ಮಳವಳ್ಳಿ_ಮೇಷ್ಟ್ರು ಸಾರ್, ಆ ಕ್ಲೇಮ್ ಹೇಗೆ ಬಂತು ಅಂತ ಹೇಳುತ್ತೇನೆ. ಅದು ಯಾರೋ ಕೂತು ನೋಡಿ ಹಾಕುವುದಲ್ಲ. ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಅಂತ ವ್ಯವಸ್ಥೆ ಇದೆ. ಕಂಪನಿ ತನ್ನ ರೆಕಾರ್ಡಿಂಗ್ ಕೊಟ್ಟಿರುತ್ತದೆ. ಹೊಸ ವಿಡಿಯೋದ ಸದ್ದು ಅದಕ್ಕೆ ಹೋಲಿದರೆ ಮೆಷಿನ್ ತಾನೇ ಕ್ಲೇಮ್ ಹಾಕುತ್ತದೆ. ರಾಗ ಹೋಲಿದರೂ ಹಿಡಿಯುತ್ತದೆ. ಒಂದೇ ಪದವನ್ನು ಒಂದೇ ಧಾಟಿಯಲ್ಲಿ ಹತ್ತು ಊರಿನವರು ಹಾಡುವಾಗ ಹೀಗೆ ಆಗುತ್ತದೆ.

ಬಿಡಬೇಡಿ, ಡಿಸ್ಪ್ಯೂಟ್ (ತಕರಾರು) ಹಾಕಿ. ಕಾರಣದಲ್ಲಿ "ಇದು ಸಾಂಪ್ರದಾಯಿಕ ಪದ, ಇದು ನಮ್ಮದೇ ರೆಕಾರ್ಡಿಂಗ್" ಅಂತ ಸ್ಪಷ್ಟವಾಗಿ ಬರೆಯಿರಿ. ಅವರಿಗೆ 30 ದಿನ ಇರುತ್ತದೆ. ಅಷ್ಟರಲ್ಲಿ ಉತ್ತರ ಕೊಡದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಕ್ಲೇಮ್ ಬಂದ ಐದು ದಿನದೊಳಗೆ ಡಿಸ್ಪ್ಯೂಟ್ ಹಾಕಿದರೆ ಮೊದಲ ದಿನದಿಂದಲೂ ಹಣವನ್ನು ಯೂಟ್ಯೂಬ್ ತಡೆದಿಟ್ಟು ಗೆದ್ದವರಿಗೆ ಕೊಡುತ್ತದೆ. ಕ್ಲೇಮ್ ಬೇರೆ, ಚಾನೆಲ್‌ಗೇ ಕುತ್ತು ತರುವ ಸ್ಟ್ರೈಕ್ ಬೇರೆ. ಹೆದರಿ ವಿಡಿಯೋ ತೆಗೆಯಬೇಡಿ.

ಮಳವಳ್ಳಿ_ಮೇಷ್ಟ್ರು:
ಇದು ಗೊತ್ತಿರಲಿಲ್ಲ. ಹುಡುಗರಿಗೆ ಹೇಳುತ್ತೇನೆ. ತುಂಬಾ ಉಪಕಾರ ಆಯಿತು.

ವಕೀಲರ_ಮನೆ_ಮಂಡ್ಯ:
ಮೇಷ್ಟ್ರ ಮಾತಿಗೆ ಕಾನೂನಿನ ಬಲವೂ ಇದೆ. ಪದದ ಮೇಲೆ ಆ ಹಿರಿಯರಿಗೆ ಕಾಪಿರೈಟ್ ಇಲ್ಲದಿರಬಹುದು. ಆದರೆ ಹಾಡಿದ ದನಿ ಅವರದು. ಪ್ರದರ್ಶಕರ ಹಕ್ಕು ಅಂತ ಬೇರೆಯೇ ಇದೆ. ವಾಣಿಜ್ಯಕ್ಕೆ ಬಳಸಿದರೆ ರಾಯಲ್ಟಿ ಕೇಳಬಹುದು. ಹಾಡಿದವರು ನಾನು ಅಂತ ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ. ಸ್ಟಾರ್ ಗಾಯಕರಿಗೂ ಕಂಸಾಳೆಯವರಿಗೂ ಒಂದೇ ಕಾನೂನು.

ಚಾಮುಂಡಿಪುರಂ_ಕೇಳುಗ:
ಸ್ವಲ್ಪ ಬೇರೆ ಮಾತು. ಈ ಊರಿಗೆ ಇದೆಲ್ಲ ಹೊಸದಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದರು. ಯಾವ ಕಂಪನಿಗೂ ಕಾಯಲಿಲ್ಲ. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಹೋಗಿದ್ದು ಇಲ್ಲಿಂದಲೇ. 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ ಕ್ಯಾಸೆಟ್ ಬಂತು. ಭಾವಗೀತೆಗೆ ಮಾರುಕಟ್ಟೆ ಇದೆ ಅಂತ ಆಮೇಲೆ ಎಲ್ಲರಿಗೂ ಗೊತ್ತಾಯಿತು.

ಸರಸ್ವತಿಪುರಂ_ಸೌಂಡ್:
ರಘು ದೀಕ್ಷಿತ್ ಅವರನ್ನೂ ಸೇರಿಸಿ. ನಮ್ಮ ಮೈಸೂರಿನಲ್ಲಿ ಬೆಳೆದವರು. ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ತಂದವರು ವಿಶಾಲ್ ಮತ್ತು ಶೇಖರ್ ಅವರ ಸಣ್ಣ ಲೇಬಲ್. ಅಂದರೆ ಸಂಗೀತಗಾರರೇ ನಡೆಸಿದ್ದು. ಶಿಶುನಾಳ ಶರೀಫರ ಪದ ಹಾಡಿಕೊಂಡು ಹೊರದೇಶದ ವೇದಿಕೆವರೆಗೂ ಹೋದರು. ಸಿನಿಮಾ ಇಲ್ಲದೆ ಕನ್ನಡ ಹಾಡು ಓಡುವುದಿಲ್ಲ ಅನ್ನುವವರಿಗೆ ಅದೇ ಉತ್ತರ.

ಮದ್ದೂರು_ಕೀಬೋರ್ಡ್:
ಒಬ್ಬರ ಹೆಸರು ಹೇಳಿ ಎಲ್ಲರಿಗೂ ಆಗುತ್ತದೆ ಅನ್ನಬೇಡಿ. ಅವರು ವೇದಿಕೆ ಮೇಲೆ ನಿಂತರೆ ಸಾವಿರಾರು ಜನರನ್ನು ಹಿಡಿಯುತ್ತಾರೆ. ಮನೆಯಲ್ಲಿ ಕೂತು ಒಂದು ಸಿಂಗಲ್ ಬಿಡುವವರ ಲೆಕ್ಕ ಬೇರೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದಿದ್ದರೆ ಆ ರೆಕಾರ್ಡಿಂಗ್‌ಗೆ ಒಂದು ಪೈಸೆಯೂ ಇಲ್ಲ. ಯೂಟ್ಯೂಬ್ ಜಾಹೀರಾತಿನ ಹಣ ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು, ವರ್ಷಕ್ಕೆ 4,000 ಗಂಟೆ ಜನ ನೋಡಿರಬೇಕು, ಇಲ್ಲದಿದ್ದರೆ ಶಾರ್ಟ್ಸ್‌ಗೆ 90 ದಿನದಲ್ಲಿ ಒಂದು ಕೋಟಿ ವ್ಯೂಸ್ ಬೇಕು. ಇದನ್ನೆಲ್ಲ ಹುಡುಗನಿಗೆ ಹೇಳದೆ "ನಿನ್ನ ಹಕ್ಕು, ನಿನ್ನ ಹಕ್ಕು" ಅಂದರೆ ಹೇಗೆ?

ಹೆಬ್ಬಾಳ್_ಟೆಕ್ಕಿ:
ಲೆಕ್ಕ ಸರಿಯಾಗಿದೆ. ಆದರೆ ಅದರಿಂದ ಕಂಪನಿಗೆ ಬರೆದುಕೊಡು ಅನ್ನುವ ತೀರ್ಮಾನ ಹೇಗೆ ಬರುತ್ತದೆ? ಒಂದು ಹಾಡು ಬಿಟ್ಟು ಕೂತರೆ ಯಾರಿಗೂ ಆಗುವುದಿಲ್ಲ. ಆರು, ಎಂಟು ಹಾಡು ಒಂದೇ ಹೆಸರಿನಲ್ಲಿ ಬಂದಾಗ ಒಂದನ್ನು ಕೇಳಿದವರು ಇನ್ನೊಂದಕ್ಕೆ ಹೋಗುತ್ತಾರೆ. ಮೊದಲ ಹಾಡನ್ನೇ ಮಾರಿಬಿಟ್ಟರೆ ಆ ಕೇಳುಗರು ಕಂಪನಿ ಚಾನೆಲ್‌ನಲ್ಲಿ ಉಳಿಯುತ್ತಾರೆ.

ಹಾಕುವ ಕೆಲಸ ಕಷ್ಟವಲ್ಲ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಅಂತ ಇವೆ. ಎಲ್ಲ ಆ್ಯಪ್‌ಗೂ ಅವರೇ ಕಳಿಸುತ್ತಾರೆ. ಆದರೆ ಷರತ್ತು ಓದಿ. ಡಿಸ್ಟ್ರೋಕಿಡ್‌ಗೆ ವರ್ಷವರ್ಷ ಕಟ್ಟಬೇಕು, ನಿಲ್ಲಿಸಿದರೆ ಹಾಡು ಇಳಿಯುತ್ತದೆ, ಅದಕ್ಕೆ ಬೇರೆ ಶುಲ್ಕ ಕಟ್ಟಿಲ್ಲದಿದ್ದರೆ. ಸಿಡಿ ಬೇಬಿ ಒಂದೇ ಸಲ ತಗೊಂಡು ಬರುವ ಹಣದಲ್ಲಿ ಪಾಲು ಹಿಡಿಯುತ್ತದೆ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರದ ಗುರುತು ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇರೆ ಕಡೆಗೆ ಹೋದರೂ ಅದೇ ಸಂಖ್ಯೆ ಕೊಟ್ಟರೆ ಹಳೇ ಎಣಿಕೆ ಉಳಿಯುವ ಸಾಧ್ಯತೆ ಜಾಸ್ತಿ.

ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಸ್ಪಾಟಿಫೈಗೆ ಹಾಡನ್ನು ಪಿಚ್ ಮಾಡಿ, ಅಂದರೆ ಅವರ ಪ್ಲೇಲಿಸ್ಟ್‌ಗೆ ಸೇರಿಸಿ ಅಂತ ಕೇಳಿ. ನಾನಾದರೆ ಒಂದು ತಿಂಗಳು ಮುಂಚೆ ಮಾಡುತ್ತೇನೆ. ಬಹಳ ಜನ ಹಾಡು ಮುಗಿದ ರಾತ್ರಿಯೇ ಹಾಕಿಬಿಡುತ್ತಾರೆ.

ಒಂಟಿಕೊಪ್ಪಲ್_ಹಳಬ:
ಆ್ಯಪ್ ಒಂದನ್ನೇ ನಂಬಬೇಡಿ. ವಿಂಕ್ 2024ರಲ್ಲಿ ನಿಂತುಹೋಯಿತು. ರೆಸ್ಸೊ ಅದೇ ವರ್ಷ ಜನವರಿಯಲ್ಲಿ. ಗಾನ 2022ರಲ್ಲಿ ದುಡ್ಡು ಕೊಟ್ಟವರಿಗೆ ಮಾತ್ರ ಆಯಿತು. ಬಿಟ್ಟಿ ಕೇಳುತ್ತಿದ್ದವರು ಯೂಟ್ಯೂಬ್ ಕಡೆ ಹೋದರು. ಮಾಸ್ಟರ್ ಫೈಲ್, ಸ್ಟೆಮ್ಸ್ (ದನಿ, ವಾದ್ಯಗಳ ಬೇರೆ ಬೇರೆ ಫೈಲ್‌ಗಳು) ಎಲ್ಲ ನಿಮ್ಮ ಹತ್ತಿರ ಎರಡು ಕಡೆ ಇರಲಿ. ಸ್ಟುಡಿಯೋದವರ ಹಾರ್ಡ್ ಡಿಸ್ಕ್ ನಂಬಿ ಕೂರಬೇಡಿ.

ಸರಸ್ವತಿಪುರಂ_ಸೌಂಡ್:
ಇದನ್ನು ಸ್ಟುಡಿಯೋದವನಾಗಿ ನಾನೂ ಹೇಳುತ್ತೇನೆ. ಸ್ಟೆಮ್ಸ್ ಕೇಳಿ ತಗೊಳ್ಳಿ. ಜೊತೆಗೆ ವಾಯ್ಸ್ ಇಲ್ಲದ ಟ್ರ್ಯಾಕ್ ಒಂದು ಮಾಡಿಸಿ. ವೇದಿಕೆಯಲ್ಲಿ ಹಾಡಲು ಅದೇ ಬೇಕು.

ಅಗ್ರಹಾರ_ಅಮ್ಮು:
ದಸರಾ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? 2024ರ ಯುವ ದಸರಾ ಉತ್ತನಹಳ್ಳಿ ಹತ್ತಿರ ಆಯಿತು. ರೆಹಮಾನ್, ಇಳಯರಾಜ ಬಂದಿದ್ದರು. ನಾನೂ ಹೋಗಿದ್ದೆ, ತುಂಬಾ ಚೆನ್ನಾಗಿತ್ತು. ಆದರೆ ಮೈಸೂರು, ಮಂಡ್ಯದ ಹೊಸ ಬ್ಯಾಂಡುಗಳಿಗೆ ಆ ವೇದಿಕೆಯಲ್ಲಿ ಜನ ಸೇರಿದ ಹೊತ್ತಿನಲ್ಲಿ ಅರ್ಧ ಗಂಟೆ ಕೊಟ್ಟರೆ ಲೇಬಲ್ ಕೊಡುವುದಕ್ಕಿಂತ ಜಾಸ್ತಿ ಪ್ರಚಾರ ಸಿಗುತ್ತದೆ. ಜನ ಬಂದು ಕೂರುವ ಮುಂಚೆ ಹಾಡಿಸಿ ಕಳಿಸಿದರೆ ಏನು ಪ್ರಯೋಜನ?

ಮದ್ದೂರು_ಕೀಬೋರ್ಡ್:
ಇದಕ್ಕೆ ಮಾತ್ರ ನೂರಕ್ಕೆ ನೂರು ಒಪ್ಪುತ್ತೇನೆ.

ಚಾಮುಂಡಿಪುರಂ_ಕೇಳುಗ:
ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣಪತಿ ಉತ್ಸವದಲ್ಲಿ ರಸ್ತೆಯಲ್ಲೇ ಪೆಂಡಾಲ್ ಹಾಕಿ ದೊಡ್ಡ ವಿದ್ವಾಂಸರ ಕಛೇರಿ ಮಾಡಿಸುತ್ತಾರೆ. ಜನ ಮಳೆಯಲ್ಲೂ ಕೂತು ಕೇಳುತ್ತಾರೆ. ಕೇಳುವ ಜನ ಈ ಊರಿನಲ್ಲಿ ಇದ್ದಾರೆ. ಹೊಸ ಹಾಡಿಗೆ ಅಂಥ ಜಾಗ ಒಂದು ಬೇಕು.

ಪಾಂಡವಪುರ_ಬೀಟ್ಸ್:
ನಾನು ಮಂಡ್ಯ ಮಾತಿನಲ್ಲೇ ರ್‍ಯಾಪ್ ಬರೆಯುತ್ತೇನೆ. ಒಂದು ಕಂಪನಿಯವರು "ಭಾಷೆ ಸ್ವಲ್ಪ ಬೆಂಗಳೂರಿಗೆ ತಿರುಗಿಸಿ" ಅಂದರು. ತಿರುಗಿಸಲಿಲ್ಲ. ನಾನೇ ಬಿಟ್ಟೆ. ಕಬ್ಬಿನ ಲಾರಿ ಓಡಿಸುವ ಅಣ್ಣಂದಿರು ಸ್ಟೇಟಸ್ ಹಾಕಿಕೊಂಡರು. ನನಗೆ ಕೇಳುಗರು ಸಿಕ್ಕಿದ್ದು ಆ ಮಾತಿನಿಂದಲೇ. ಕೆರಗೋಡು ಅಣ್ಣ, ಅವರು ಹಾಡಿನಲ್ಲಿ ಏನಾದರೂ ಬದಲಾಯಿಸಬಹುದು ಅಂತ ಅಗ್ರಿಮೆಂಟಿನಲ್ಲಿ ಇದೆಯಾ ನೋಡು. ಇದ್ದರೆ ಮಾದಪ್ಪನ ಪದವನ್ನು ಡಿಜೆ ರೀಮಿಕ್ಸ್ ಮಾಡಿಬಿಡುತ್ತಾರೆ.

ಕೆರಗೋಡು_ಪದಗಾರ:
ಇದೆ ತಮ್ಮ. "ರೀಮಿಕ್ಸ್, ಡಬ್ಬಿಂಗ್, ಮಾರ್ಪಾಡು" ಅಂತ ಮೂರೂ ಇದೆ.

ಎಲ್ಲರೂ ಹೇಳಿದ್ದನ್ನು ಬರೆದುಕೊಂಡು ಕಂಪನಿಯವರಿಗೆ ಫೋನ್ ಮಾಡಿದೆ. ಐದು ವರ್ಷದ ಲೈಸೆನ್ಸ್, ಸಾಹಿತ್ಯ ಮತ್ತು ರಾಗದ ಹಕ್ಕು ನಮ್ಮಲ್ಲೇ, ರೀಮಿಕ್ಸ್‌ಗೆ ನಮ್ಮ ಒಪ್ಪಿಗೆ, ಹಿರಿಯರ ಹೆಸರು ಎಲ್ಲ ಕಡೆ. ಇಷ್ಟು ಕೇಳಿದೆ. ಮೊದಲು ಬೇಜಾರು ಮಾಡಿಕೊಂಡರು. ಸಂಜೆ ವಾಪಸ್ ಫೋನ್ ಮಾಡಿ, ಲೈಸೆನ್ಸ್ ಆದರೆ 20 ಸಾವಿರ ಕೊಡುವುದಿಲ್ಲ, ಬಂದ ಹಣದಲ್ಲಿ ಅರ್ಧ ಅರ್ಧ ಅಂದರು. ಕೈಗೆ ಈಗ ಏನೂ ಸಿಗುವುದಿಲ್ಲ.

ಮದ್ದೂರು_ಕೀಬೋರ್ಡ್:
ನೋಡಿ, ಹೇಳಲಿಲ್ವಾ? ಇಪ್ಪತ್ತು ಸಾವಿರ ಹೋಯಿತು.

ಗಾಂಧಿನಗರ_ಪೆನ್ನು:
ಇಪ್ಪತ್ತು ಸಾವಿರ ಹೋಗಿರಬಹುದು. ಹಾಡು ಉಳಿಯಿತು. ನನ್ನ ಮೊದಲ ಹಾಡುಗಳು ನನ್ನ ಕೈಯಲ್ಲಿಲ್ಲ. ಇವನಿಗೆ ಮೊದಲ ಹಾಡಿನಲ್ಲೇ ಇಷ್ಟು ಒಪ್ಪಿದ್ದಾರೆ ಅಂದರೆ ಅದು ಸಣ್ಣ ಮಾತಲ್ಲ.

ಒಂಟಿಕೊಪ್ಪಲ್_ಹಳಬ:
ಅರ್ಧ ಅರ್ಧ ಅನ್ನುವುದು ಒಳ್ಳೆ ಪಾಲು. ಆದರೆ ಯಾವುದರಲ್ಲಿ ಅರ್ಧ? "ಖರ್ಚು ಕಳೆದು ಉಳಿದದ್ದರಲ್ಲಿ" ಅಂತ ಇದ್ದರೆ ಎಚ್ಚರ. ಪೋಸ್ಟರ್, ಲಿರಿಕಲ್ ವಿಡಿಯೋ, ಪ್ರಚಾರ ಅಂತ ಖರ್ಚು ತೋರಿಸುತ್ತಾ ಹೋದರೆ ಉಳಿಯುವುದೇ ಇಲ್ಲ. ಆ್ಯಪ್‌ಗಳಿಂದ ಬಂದ ಒಟ್ಟು ಹಣದಲ್ಲಿ ಅರ್ಧ ಅಂತ ಬರೆಸು. ಖರ್ಚು ಕಳೆಯಲೇಬೇಕು ಅಂದರೆ ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂತ ಒಂದು ಮೊತ್ತ ಹಾಕಿಸು. ಮೂರು ತಿಂಗಳಿಗೊಮ್ಮೆ ಲೆಕ್ಕದ ಪಟ್ಟಿ ಮೇಲ್‌ನಲ್ಲಿ ಬರಬೇಕು. ಅವರು ಟಿಡಿಎಸ್ ಹಿಡಿದರೆ ನಿನ್ನ ಪಾನ್‌ಗೆ ಬಂದಿದೆಯಾ ನೋಡಿಕೊ.

ಶ್ರೀರಂಗಪಟ್ಟಣ_ಡ್ರಮ್ಸ್:
ಮಧ್ಯೆ ಒಂದು ಪ್ರಶ್ನೆ. ಮದುವೆ ರಿಸೆಪ್ಷನ್‌ನಲ್ಲಿ ನಮ್ಮ ಆರ್ಕೆಸ್ಟ್ರಾ ಸಿನಿಮಾ ಹಾಡು ಹಾಡಿದರೆ ಲೈಸೆನ್ಸ್ ಬೇಕಾ? ಒಂದು ಛತ್ರದವರು ಕೇಳುತ್ತಿದ್ದಾರೆ.

ವಕೀಲರ_ಮನೆ_ಮಂಡ್ಯ:
ಮದುವೆಗೆ ಬೇಡ. 52ನೇ ಸೆಕ್ಷನ್‌ನಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಂತೋಷಕೂಟ ಎಲ್ಲ ಅದರಲ್ಲಿ ಸೇರುತ್ತದೆ. 2023ರಲ್ಲಿ ಕೇಂದ್ರ ಸರ್ಕಾರದವರು ಪ್ರಕಟಣೆ ಹೊರಡಿಸಿ ಇದನ್ನೇ ಹೇಳಿದರು. ಅದರ ಪ್ರತಿ ಇಟ್ಟುಕೊಂಡಿರಿ, ಛತ್ರದವರಿಗೆ ತೋರಿಸಿ. ಹೋಟೆಲಿನ ಹೊಸ ವರ್ಷದ ಪಾರ್ಟಿ, ಟಿಕೆಟ್ ಇಟ್ಟ ಕಾರ್ಯಕ್ರಮ ಆದರೆ ಬೇಕು. ಅದನ್ನು ಕಾರ್ಯಕ್ರಮ ಮಾಡಿಸುವವರು ತಗೊಳ್ಳಬೇಕು.

ಶ್ರೀರಂಗಪಟ್ಟಣ_ಡ್ರಮ್ಸ್:
ಥ್ಯಾಂಕ್ಸ್ ಮೇಡಂ.

ಕೆರಗೋಡು_ಪದಗಾರ:
ಹಳಬರೇ, ಒಟ್ಟು ಹಣದಲ್ಲಿ ಅರ್ಧ ಅಂತ ಕೇಳಿ ಮೇಲ್ ಹಾಕಿದ್ದೇನೆ. ಒಪ್ಪದಿದ್ದರೆ ನಾವೇ ಬಿಡುತ್ತೇವೆ. ಗೆಳೆಯನೂ ಅದಕ್ಕೆ ಒಪ್ಪಿದ್ದಾನೆ.

ಮೇಷ್ಟ್ರೇ, ನಿಮಗೆ ಒಂದು ಪ್ರಶ್ನೆ. ಆ ಹಿರಿಯರಿಗೆ ಪಾಲು ಕೊಡಬೇಕು ಅಂತ ನಾವು ಮಾತಾಡಿಕೊಂಡಿದ್ದೇವೆ. ಅವರನ್ನು ಕೇಳಿದರೆ "ಮಾದಪ್ಪನ ಪದಕ್ಕೆ ಕಾಸು ಯಾಕಪ್ಪ" ಅನ್ನುತ್ತಾರೆ. ಹೇಗೆ ಮಾಡುವುದು?

ಮಳವಳ್ಳಿ_ಮೇಷ್ಟ್ರು:
ಅವರು ಹಾಗೇ ಹೇಳುತ್ತಾರೆ. ಅದಕ್ಕೇ ಇಷ್ಟು ವರ್ಷ ಬೇರೆಯವರು ತಗೊಂಡು ಹೋದರು. ಪದಕ್ಕೆ ಕಾಸು ಅನ್ನಬೇಡ, ನಿಮ್ಮ ದನಿಗೆ ಕೊಡುತ್ತಿದ್ದೇವೆ ಅನ್ನು. ಮನೆಗೆ ಹೋಗು. ಅವರ ಮಗನೋ ಮಗಳೋ ಇದ್ದಾಗ ಕೂತು ಮಾತಾಡು. ನೀನು, ಗೆಳೆಯ, ಅವರು, ಮೂವರಿಗೂ ಎಷ್ಟೆಷ್ಟು ಪಾಲು ಅಂತ ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆಯಿರಿ. ಓದಿ ಹೇಳಿ ಸಹಿ ಹಾಕಿಸು, ಇಬ್ಬರು ಸಾಕ್ಷಿ ಇರಲಿ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆದುಕೊ. ಜನ ಅವರನ್ನು ಕರೆಯುವ ಹೆಸರೇ ಬೇರೆ ಇದ್ದರೆ ಹಾಡಿನ ಮೇಲೆ ಅದನ್ನೇ ಹಾಕು.

ವಕೀಲರ_ಮನೆ_ಮಂಡ್ಯ:
ಆ ಹಾಳೆ ಬರೆದ ಮೇಲೆ ನನಗೆ ಮೆಸೇಜ್ ಮಾಡು, ನೋಡಿಕೊಡುತ್ತೇನೆ. ಫೀಸ್ ಬೇಡ. ಕಂಪನಿಯವರ ಹೊಸ ಅಗ್ರಿಮೆಂಟ್ ಬಂದಾಗ ಈ ಹಾಳೆಯ ಪ್ರತಿಯನ್ನೂ ಅದಕ್ಕೆ ಸೇರಿಸಲು ಹೇಳು. ಆಗ ಆ ಹಿರಿಯರ ಪಾಲು ಬರೀ ನಿನ್ನ ಮಾತಿನ ಮೇಲೆ ನಿಂತಿರುವುದಿಲ್ಲ.